ಗಾಜಿನ ಮೇಲಿನ ವಿಭೂತಿ

ಕೆರೆಯ ನೀರು ಪರೀಕ್ಷಿಸುವ ಮೊದಲು ಪರೀಕ್ಷೆಯ ಗಾಜಿಗೆ ಪೂಜೆ ಆಗಬೇಕೆಂದು ಪಂಚಾಯ್ತಿ ಅಧ್ಯಕ್ಷ ಶಂಕ್ರಪ್ಪ ತೀರ್ಮಾನಿಸಿಬಿಟ್ಟಿದ್ದ. ಈ ಊರಲ್ಲಿ ಪೂಜೆಯಿಲ್ಲದೆ ಹಿಟ್ಟಿನ ಗಿರಣಿಯೂ ತಿರುಗುವುದಿಲ್ಲ. ಪೂಜೆಯಾದ ಮೇಲೆ ನುಣ್ಣಗೆ ಬೀಸುತ್ತದೆ ಎಂದೇನೂ ಇಲ್ಲ.

ಮಲ್ಲಿಕಾ ಇದೇ ಊರಿನ ಕೆಳಗಿನ ಓಣಿಯವಳು, ಧಾರವಾಡದಲ್ಲಿ ಸಂಶೋಧನೆ ಮಾಡುತ್ತಿದ್ದಳು. ಹೆಸರುಕಾಳಿನ ಬೆಳೆಗೆ ಕೀಟನಾಶಕ ಹೊಡೆದ ಪಂಪುಗಳನ್ನು ಊರವರು ಕುಡಿಯುವ ನೀರಿನ ಕೆರೆಯಲ್ಲೇ ತೊಳೆಯುತ್ತಿದ್ದರು. ಅದು ನಿಲ್ಲಬೇಕು, ಅಷ್ಟೇ ಅವಳ ಹಟ. ಅವಳ ತಾಯಿ ಸಣ್ಣವ್ವ ಕೊಡ ತುಂಬುವುದು ಆ ಕೆರೆಯಲ್ಲೇ.

ಉಗುರಿನಷ್ಟಗಲದ ಗಾಜು ಹಿಡಿದು ಅವಳು ಸದಸ್ಯರಿಗೆ ವಿವರಿಸಿದಳು. ಬೆಳಕು ಇದರೊಳಗೆ ಕಾಲುವೆಯ ನೀರಿನಂತೆ ದಂಡೆ ಮೀರದೆ ಹರಿಯುತ್ತದೆ. ಮೇಲ್ಮೈಯಿಂದಾಚೆ ಕೂದಲೆಳೆಗಿಂತ ಎಷ್ಟೋ ಕಡಿಮೆ ದೂರ ಇಣುಕುತ್ತದೆ. ಅಲ್ಲಿ ವಿಷದ ಅಣು ಬಂದು ಕೂತರೆ ಬೆಳಕಿನ ನಡಿಗೆ ಬದಲಾಗುತ್ತದೆ, ಯಂತ್ರದ ಪರದೆಯ ಮೇಲಿನ ಗೆರೆ ಏರುತ್ತದೆ. ಎಲ್ಲರೂ ತಲೆಯಾಡಿಸಿದರು. ಅವರು ಬಜೆಟ್ಟಿಗೂ ಹೀಗೆಯೇ ತಲೆಯಾಡಿಸುತ್ತಾರೆ.

ಅವಳು ಕೆರೆಯ ನೀರು ತರಲು ಹೋದಾಗ ಪೂಜೆ ನಡೆಯಿತು. ಅಧ್ಯಕ್ಷನ ತಾಯಿ ಅನ್ನವ್ವ ಗಾಜಿಗೆ ವಿಭೂತಿ ಹಚ್ಚಿದಳು, ಹೆಚ್ಚಾಯಿತೆಂದು ಸೆರಗಿನಿಂದ ಒರೆಸಿಯೂ ಇಟ್ಟಳು.

ಮಲ್ಲಿಕಾ ಬಂದು ಹನಿ ಬಿಟ್ಟಳು. ಗೆರೆ ಪರದೆಯ ತುದಿಗೆ ಹಾರಿತು. ಸದಸ್ಯರು ಬಿಳಿಚಿಕೊಂಡರು. ಆಮೇಲೆ ಗಾಜಿನ ಅಂಚಿನಲ್ಲಿ ಅವಳಿಗೆ ಬೂದಿ ಕಂಡಿತು. ವಿಷ ಹಿಡಿಯುವ ಲೇಪ ಹಾಕಿ ತಂದಿದ್ದು ಅದೊಂದೇ ಗಾಜು, ಅದಕ್ಕೇ ಒಂದು ತಿಂಗಳು ಹಿಡಿದಿತ್ತು. ಸುಮ್ಮನಿದ್ದಿದ್ದರೆ ಗೆಲ್ಲುತ್ತಿದ್ದಳು. ಅವಳಿಂದ ಅದಾಗಲಿಲ್ಲ.

"ಅಧ್ಯಕ್ಷರ, ಇದು ನೀರಿನ ವಿಷ ಅಲ್ರಿ. ಅವ್ವಾರು ಹಚ್ಚಿದ ವಿಭೂತಿ. ಈ ಪರೀಕ್ಷಾ ಕೆಟ್ಟೈತ್ರಿ."

"ಮಠದ ವಿಭೂತಿ ಐತಿ ಬೇ ಅದು," ಎಂದಳು ಅನ್ನವ್ವ. "ಅದನ್ನ ಹೊಲಸು ಅಂತಿಯೇನ? ಇದನ್ನ ಕಲಿಯಾಕ ಧಾರವಾಡಕ್ಕ ಹೋಗಿದ್ದೇನ?"

ಅರ್ಧ ಗಂಟೆ ವಾದ ನಡೆದು ವಿಭೂತಿ ನಿರ್ದೋಷಿ ಎಂದು ಸರ್ವಾನುಮತದಿಂದ ಇತ್ಯರ್ಥವಾಯಿತು. ತಪ್ಪು ವಿಭೂತಿಯದಲ್ಲದಿದ್ದರೆ ನೀರಿನದೇ. ಅಲ್ಲಿಗೆ ನೀರಿನಲ್ಲಿ ವಿಷ ಸಾಬೀತಾಯಿತು. ಇನ್ನು ಕೆರೆಯಲ್ಲಿ ಪಂಪು ತೊಳೆಯಕೂಡದೆಂದು ಠರಾವು ಬರೆದರು. ಪರೀಕ್ಷೆ ಕೆಟ್ಟಿದೆ ಎಂದು ಮಲ್ಲಿಕಾ ಮತ್ತೆ ಮತ್ತೆ ಹೇಳಿದ್ದನ್ನು ಯಾರೂ ಬರೆದುಕೊಳ್ಳಲಿಲ್ಲ.

ಹಾಗಾದರೆ ಎಲ್ಲಿ ತೊಳೆಯುವುದು ಎಂದು ಸದಸ್ಯ ಉಡಚಪ್ಪ ಕೇಳಿದ.

"ಕೆಳಗಿನ ಓಣಿ ಹಿಂದ ಹಳ್ಳ ಐತೆಲ್ಲ," ಎಂದ ಶಂಕ್ರಪ್ಪ. "ಅಲ್ಲೆ ಯಾರಿಗೂ ತ್ರಾಸಿಲ್ಲ."

"ಅಲ್ಲೆ ನಮ್ಮವ್ವ ಇರ್ತಾಳ್ರಿ," ಎಂದಳು ಮಲ್ಲಿಕಾ.

ಶಂಕ್ರಪ್ಪ ಅಷ್ಟರಲ್ಲಿ ಅವಳ ಹೆಗಲಿಗೆ ಶಾಲು ಹಾಕಿ, ಊರಿನ ಮಗಳು ಊರನ್ನು ಉಳಿಸಿದಳೆಂದು ಭಾಷಣ ಸುರುಮಾಡಿದ್ದ.