ತದಡಿ ಸಭೆಯ ಚಾವಿ

ಎಲ್ಲಿಂದ ಶುರು ಮಾಡಲಿ? ಪಾಸ್ಟರುಗಳ ಶಿಬಿರದವರು ನನ್ನಿಂದ ಕೇಳಿದ್ದು ‘ಸಭೆ ನಡೆಸುವವರಿಗೆ ಹತ್ತು ಪಾಠಗಳು’. ನನ್ನ ಹತ್ತಿರ ಇರುವುದು ಒಂದು ಗಂಟಲು, ಒಂದು ಚಾವಿ. ಹತ್ತು ಪಾಠಕ್ಕೆ ಈ ಸಾಮಾನು ಸಾಲದು. ಒಂದು ಕತೆಗೆ ಹೆಚ್ಚೇ ಆಯಿತು.

೧

‘ಸಭಾಪಾಲಕನೆಂದರೆ ಕುರುಬನಿದ್ದ ಹಾಗೆ’ ಎಂದು ಬರೆದೆ. ಹೊಡೆದು ಹಾಕಿದೆ. (ತದಡಿ ಬಂದರಿನಲ್ಲಿ ಕುರಿ ಕಂಡವರು ಯಾರು? ಅಲ್ಲಿರುವುದು ಮೀನು, ಮತ್ತು ಬೆಕ್ಕು.)

೧ (ಮತ್ತೆ)

ಕುಮಟಾದ ಪಾಸ್ಟರ್ ದೇವರಾಜರ ದನಿ ಬಿದ್ದುಹೋಯಿತು. ಹೊನ್ನಾವರದ ಡಾಕ್ಟರು ಗಂಟಲೊಳಗೆ ಬೆಳಕು ಬಿಟ್ಟು ನೋಡಿ, “ಒಂದು ತಿಂಗಳು ಮಾತು ಬಂದ್. ಪಿಸುಮಾತೂ ಬೇಡ. ಹಟ ಮಾಡಿದ್ರೆ ದನಿ ಕಾಯಂ ಹೋಗ್ತದೆ” ಎಂದರು.

ಕುಮಟಾದ ಸಭೆಗೆ ಹಿರಿಯರಿದ್ದಾರೆ, ಹೇಗೋ ನಡೆಯುತ್ತದೆ. ದೇವರಾಜರಿಗೆ ಹೆದರಿಕೆ ತದಡಿಯದ್ದು. ಹನ್ನೊಂದು ಮನೆಯ ಸಣ್ಣ ಸಭೆ ಅದು. ಹದಿನಾಲ್ಕು ವರ್ಷ ಭಾನುವಾರ ಮಧ್ಯಾಹ್ನ ತಪ್ಪಿಸದೆ ಬಸ್ಸು ಹತ್ತಿ ಹೋಗಿ ಕಟ್ಟಿದ್ದು. ನಾಲ್ಕು ವಾರ ಬಾಗಿಲು ಮುಚ್ಚಿದರೆ ಆ ಮನೆಗಳು ಚದುರಿಹೋಗುತ್ತವೆ.

ಒಳಗೊಳಗೆ ಇನ್ನೊಂದು ಹೆದರಿಕೆ: ಚದುರದೇ ಹೋದರೆ?

(ಇದನ್ನು ಬರೆದ ಕೂಡಲೇ ದೇವರಾಜರಿಂದ ಚೀಟಿ ಬಂತು. ಮಾತಾಡುವಂತಿಲ್ಲವಲ್ಲ, ಪಾಪ, ನನ್ನ ಜೊತೆ ಬರೆದೇ ಜಗಳಾಡುತ್ತಾರೆ. “ಇದು ಸುಳ್ಳು. ತೆಗೀರಿ.” ನಾನು ತೆಗೆಯಲಿಲ್ಲ. ಅರ್ಧ ಗಂಟೆ ಬಿಟ್ಟು ಇನ್ನೊಂದು ಚೀಟಿ: “ಇರ್ಲಿ.”)

೨

ತದಡಿ ಸಭೆಯ ಬೀಗಕ್ಕೆ ಒಂದೇ ಚಾವಿ. ಅದು ಇರುವುದು ಕುಮಟಾದಲ್ಲಿ, ಪಾಸ್ಟರ ಜೇಬಿನಲ್ಲಿ. ಬಸ್ಸು ತಡವಾದರೆ ಹನ್ನೊಂದು ಮನೆಯವರೂ ಅಂಗಳದ ಬಿಸಿಲಿನಲ್ಲಿ ನಿಲ್ಲಬೇಕು. ಹಾಡು ಎತ್ತುವವರು ಪಾಸ್ಟರು, ಪ್ರಾರ್ಥನೆ ಮಾಡುವವರು ಪಾಸ್ಟರು, ಕಿಟಕಿ ತೆರೆಯುವವರೂ ಪಾಸ್ಟರೇ. ಉಳಿದವರ ಪಾಲಿಗೆ ಆಮೆನ್. ಇದನ್ನು ದೇವರಾಜರು ಸೇವೆ ಅಂದುಕೊಂಡಿದ್ದರು. (ಸಾರಿಗೆ ಉಪ್ಪು ನಾನೇ ಹಾಕಬೇಕೆಂದು ಮೂವತ್ತು ವರ್ಷ ಹಟ ಹಿಡಿದವಳು ನಾನು. ಅವರನ್ನು ಆಡಿಕೊಳ್ಳುವ ಬಾಯಿ ನನಗಿಲ್ಲ.)

ಈಗ ಚಾವಿ ಯಾರಿಗೆ ಕೊಡುವುದು? ಅಜಯ ಇದ್ದಾನೆ, ಬೈಬಲ್ ತರಗತಿ ಓದಿ ಸರ್ಟಿಫಿಕೇಟ್ ತಂದವನು. ಪಾವ್ಲಿನ್ ಬಾಯಿ ಇದ್ದಾಳೆ, ಊರಿಗೆಲ್ಲ ಬರೀ ‘ಬಾಯಿ’. ಅವಳು ಬಂದರಿನಲ್ಲಿ ಮೀನು ಮಾರುವವಳು, ಓದು ಅಷ್ಟಕ್ಕಷ್ಟೆ, ಆದರೆ ಅವಳ ಮಾತು ಊರೇ ಕೇಳುತ್ತದೆ. ಒಬ್ಬರಿಗೆ ಕೊಟ್ಟರೆ ಇನ್ನೊಬ್ಬರ ಮುಖ ಊದುತ್ತದೆ. ದೇವರಾಜರು ಯಾರ ಹೆಸರನ್ನೂ ಬರೆಯಲಿಲ್ಲ. ಚಾವಿಯನ್ನು ಕಾಗದದಲ್ಲಿ ಸುತ್ತಿ, ಮೇಲೆ ‘ತದಡಿ ಸಭೆಗೆ’ ಎಂದಷ್ಟೇ ಬರೆದು, ಭಾನುವಾರ ಬೆಳಿಗ್ಗೆ ತದಡಿ ಬಸ್ಸಿನ ಕಂಡಕ್ಟರ ಕೈಗಿಟ್ಟರು. ನಮ್ಮ ಕಡೆ ಔಷಧಿ, ಮದುವೆ ಕಾಗದ, ಮರೆತುಬಿಟ್ಟ ಕನ್ನಡಕ ಎಲ್ಲ ಹೋಗುವುದು ಹಾಗೆಯೇ. ಆದರೆ ಅವಕ್ಕೆ ಒಬ್ಬರ ಹೆಸರಿರುತ್ತದೆ; ಈ ಚಾವಿ ಇಡೀ ಸಭೆಯದ್ದು.

(ಪಾಠ ಬೇಕಾದವರು ಇಲ್ಲಿ ಅಡಿಗೆರೆ ಎಳೆದುಕೊಳ್ಳಿ. ಇದೊಂದೇ ಸಿಗುವುದು.)

೫

(ಮೂರು, ನಾಲ್ಕರಲ್ಲಿ ಚಾವಿಗಾಗಿ ಅಜಯನಿಗೂ ಪಾವ್ಲಿನ್ ಬಾಯಿಗೂ ದೊಡ್ಡ ಜಗಳ ಬರೆದಿದ್ದೆ. ಇಬ್ಬರೂ ಆಡಲು ಒಪ್ಪಲಿಲ್ಲ. “ನಮ್ಗೆ ಬೇರೆ ಕೆಲ್ಸ ಇಲ್ವಾ?” ಎಂದಳು ಬಾಯಿ. ಹರಿದೆ.)

ತದಡಿಯಲ್ಲಿ ಕಂಡಕ್ಟರು “ಸಭೆಯವ್ರು ಯಾರಾದ್ರೂ ಇದ್ರಾ?” ಎಂದು ಕೂಗಿದರು. ಯಾರೂ ಇರಲಿಲ್ಲ. ಸ್ಟಾಪಿನೆದುರು ಚಾ ಅಂಗಡಿಯ ಬೀರಪ್ಪನ ಕೈಗೆ ಪೊಟ್ಟಣ ಕೊಟ್ಟು ಹೋದರು. ಬೀರಪ್ಪ ಆ ಸಭೆಯ ಮೆಟ್ಟಿಲು ಹತ್ತಿದವನಲ್ಲ. ಆದರೆ ಹದಿನಾಲ್ಕು ವರ್ಷದಿಂದ ಅವರೆಲ್ಲ ಬಿಸಿಲಿನಲ್ಲಿ ನಿಲ್ಲುವುದನ್ನು ನೋಡುತ್ತಲೇ ಇದ್ದ. ಮಧ್ಯಾಹ್ನ ಜನ ಸೇರಿದ್ದು ಕಂಡು, ಒಲೆ ತಗ್ಗಿಸಿ ಹೋಗಿ ಬೀಗ ತೆಗೆದ. ಕಿಟಕಿಗಳನ್ನೂ ತೆರೆದ.

“ಒಳಗೆ ಕೂತ್ಕಳ್ಳಿ ಮಾರಾಯ್ರೆ. ನೀವು ಬೆಂದ್ರೆ ದೇವ್ರಿಗೆ ಎಂತ ಸಿಕ್ತದೆ?”

ಕೂತರು. ಅಷ್ಟೇ.

ದೇವರಾಜರಿಗೆ ಇದು ಹೇಗೆ ಗೊತ್ತು? ಮನೆಯಲ್ಲಿ ಕೂರಲಾಗದೆ ಮುಂದಿನ ಬಸ್ಸು ಹತ್ತಿ ಬಂದು, ಕಿಟಕಿಯ ಹೊರಗೆ ಗೋಡೆಗೆ ಒತ್ತಿ ನಿಂತಿದ್ದರು. ಒಳಗೆ ಐದು ನಿಮಿಷ ಮೌನ, ಹತ್ತು ನಿಮಿಷ ಮೌನ. ಮುಗಿಯಿತು, ಇನ್ನು ಒಬ್ಬೊಬ್ಬರೇ ಎದ್ದು ಹೋಗುತ್ತಾರೆ. ಒಳಗೆ ಹೋದರೆ ಮಾತಾಡದೆ ಇರಲು ತನ್ನಿಂದಾಗದು. ಮಾತಾಡಿದರೆ ದನಿ ಹೋಯಿತು. ಹೋಗಲಿ! ಬಾಗಿಲಿನ ಕಡೆ ಹೆಜ್ಜೆ ಹಾಕಿದರು.

(ನಾನು ಇಲ್ಲಿ ನಿಲ್ಲಿಸಿ ಚಾ ಕುಡಿದೆ. ಚೀಟಿ ಬಂತು: “ಬೇಗ ಬರೀರಿ!”)

“ಪಾಸ್ಟ್ರು ಇಲ್ದೆ ಹ್ಯಾಗೆ ಶುರು ಮಾಡೂದು ಬಾಯೀ?” ಒಳಗಿನಿಂದ ಅಜಯನ ದನಿ.

“ದೋಣಿ ನಡ್ಸೂ ತಾಂಡೇಲಗೆ ಜ್ವರ ಬಂದ್ರೆ ದೋಣಿ ದಡದ ಮೇಲೇ ಇಡೂದಾ? ಓದಿ ಬಂದವ ನೀನು, ಓದು. ಹಾಡು ನಂದು.”

“ನಿಮ್ಗೆ ರಾಗ ಇಲ್ಲ.”

“ಮೀನು ಕೂಗಿ ಮಾರೂ ಗಂಟ್ಲು ಇದು. ಮೇಲಿನವಂಗೆ ಮುಟ್ಟಿದ್ರೆ ಆತು.”

ಮುಟ್ಟಿರಬೇಕು. ಬೀರಪ್ಪನ ಅಂಗಡಿಗಂತೂ ಮುಟ್ಟಿತು. ಅಜಯ ಓದಿದ, ಸ್ವಲ್ಪ ಅವಸರವಾಗಿಯೇ. ಆಮೇಲೆ ಆ ಗೋಡೆಗಳ ನಡುವೆ ಮೊದಲ ಬಾರಿಗೆ ಪಾಸ್ಟರಲ್ಲದವರೊಬ್ಬರು ಪ್ರಾರ್ಥನೆ ಮಾಡಿದರು.

“ಕರ್ತನೇ, ನಮ್ಮ ಪಾಸ್ಟ್ರಿಗೆ ಗಂಟ್ಲು ವಾಪಸ್ ಕೊಡು.” ಎಂದಳು ಬಾಯಿ. “ಆದ್ರೆ ಅವಸರ ಎಂತ ಇಲ್ಲ.”

ಹನ್ನೊಂದು ಮನೆಯ ಆಮೆನ್ ಕಿಟಕಿಯಿಂದ ಹೊರಗೆ ಬಿತ್ತು. ಗೋಡೆಗೊರಗಿ ದೇವರಾಜರು ನಗತೊಡಗಿದರು. ದನಿಯಿಲ್ಲದ ನಗು, ಭುಜ ಮಾತ್ರ ಕುಣಿಯುತ್ತಿತ್ತು. ಹದಿನಾಲ್ಕು ವರ್ಷದಿಂದ ತಲೆಯ ಮೇಲಿದ್ದ ಬುಟ್ಟಿಯನ್ನು ಯಾರೋ ಕೈ ಕೊಟ್ಟು ಇಳಿಸಿದ ಹಾಗೆ.

ಕೊನೆ, ಮೊದಲನೆಯದು

ಅವರು ಒಳಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತರು. (ಶಿಬಿರದವರಿಗೆ ಇಷ್ಟವಾಗುತ್ತದೆ. ನನಗೆ ನಂಬಿಕೆ ಬರುವುದಿಲ್ಲ. ಅವರು ಕಂಡರೆ ಎಲ್ಲರೂ ಮತ್ತೆ ಬಾಯಿ ಮುಚ್ಚುತ್ತಾರೆ.)

ಕೊನೆ, ಎರಡನೆಯದು

ಯಾರಿಗೂ ಕಾಣದ ಹಾಗೆ ವಾಪಸ್ ಬಸ್ಸು ಹತ್ತಿದರು. (ತದಡಿಯಲ್ಲಿ ಯಾರಿಗೂ ಕಾಣದ ಹಾಗೆ? ನಾನೇ ನಕ್ಕೆ.)

ಕೊನೆ

ಬೀರಪ್ಪ ಒಂದು ಕೈಯಲ್ಲಿ ಚಾ, ಇನ್ನೊಂದರಲ್ಲಿ ಚಾವಿ ಹಿಡಿದು ಆ ಗೋಡೆಯ ಹತ್ತಿರ ಬಂದ. “ಪಾಸ್ಟ್ರೇ, ಚಾವಿ ನಿಮ್ಗೆ ಕೊಡೂದಾ, ಅವ್ರಿಗೆ ಕೊಡೂದಾ?”

ದೇವರಾಜರು ಚಾ ತೆಗೆದುಕೊಂಡರು. ಬಾಯಿಯ ಎರಡನೇ ಹಾಡು ಮೊದಲನೆಯದಕ್ಕಿಂತ ಜೋರಾಗಿತ್ತು. ಬೀರಪ್ಪನ ಪ್ರಶ್ನೆಗೆ ಉತ್ತರ ಬರೆಯಲು ನಾನು ಪೆನ್ನೆತ್ತಿದ್ದೇ ತಡ, ಚೀಟಿ ಬಂತು:

“ಮುಗಿಸ್ಬೇಡಿ. ಇನ್ನೂ ಮೂರು ಭಾನುವಾರ ಇದೆ. ಅವಸರ ಎಂತ ಇಲ್ಲ.”