ಹೊರಟ ಮೇಲೆ ಒಂದು

2009ರ ನವೆಂಬರ್ 13, ಶುಕ್ರವಾರ, ಬೆಳಗಿನ ಹನ್ನೊಂದು ಗಂಟೆ ಇಪ್ಪತ್ತು ನಿಮಿಷಕ್ಕೆ ಆಂಕೆ ತನ್ನ ತಾಯಿಯ ಶವಪೆಟ್ಟಿಗೆಯ ಮೇಲೆ ಮೂರನೆಯ ಸಲ ಮಣ್ಣು ಹಾಕಿ, ಸಣ್ಣ ಸಲಿಕೆಯನ್ನು ಮಗನ ಕೈಗೆ ಕೊಟ್ಟಳು.

"ಮೂರು ಸಲ," ಎಂದು ಅವನ ಕಿವಿಯಲ್ಲಿ ಹೇಳಿದಳು.

ಒಂಬತ್ತು ವರ್ಷದ ಮಾಲ್ಟೆ ತುಟಿಯಾಡಿಸುತ್ತ ಎಣಿಸಿದ. ಒಂದೊಂದು ಸಲಕ್ಕೂ ಅವನು ತೆಗೆದುಕೊಂಡ ಹೊತ್ತಿಗೆ ಹಿಂದೆ ಸಾಲಿನಲ್ಲಿ ನಿಂತವರು ಕಾಲು ಬದಲಿಸಿದರು. ಒದ್ದೆ ಮಣ್ಣು ಮರದ ಮೇಲೆ ಬಿದ್ದ ಸದ್ದು ಮೂರು ಸಲವೂ ಒಂದೇ ಬಗೆಯಾಗಿತ್ತು.

ರೋಸ್ವಿತಾ ಡೆಟ್ಮರ್ ಅವರಿಗೆ ಎಪ್ಪತ್ತೆಂಟಾಗಿತ್ತು. ತ್ಸೆಲ್ಲೆ ಊರಿನ ಈಜುಕೊಳದ ಟಿಕೆಟ್ ಕಿಟಕಿಯ ಹಿಂದೆ ಮೂವತ್ತೊಂದು ವರ್ಷ ಕೂತವರು. ನಲವತ್ತನಾಲ್ಕಕ್ಕೆ ಗಂಡನನ್ನು ಕಳೆದುಕೊಂಡರು. ಬಾಲ್ಕನಿಯಲ್ಲಿ ಡೇಲಿಯಾ ಬೆಳೆಸುತ್ತಿದ್ದರು. ಪ್ರಾರ್ಥನಾಮಂದಿರದಲ್ಲಿ ಪಾದ್ರಿ ಇಷ್ಟನ್ನೂ ಹನ್ನೊಂದು ನಿಮಿಷದಲ್ಲಿ ಹೇಳಿ ಮುಗಿಸಿದ್ದರು. ಅವರಿಗೆ ಇಷ್ಟನ್ನು ಹೇಳಿದವಳು ಆಂಕೆಯೇ. "ಮಕ್ಕಳನ್ನ ಕಂಡ್ರೆ ಅವರಿಗೆ ಇಷ್ಟ ಇತ್ತೇ?" ಎಂದು ಪಾದ್ರಿ ಪೆನ್ನು ಹಿಡಿದು ಕೇಳಿದಾಗ ಅವಳು, "ಎಲ್ಲರ ಹಾಗೆ," ಎಂದಿದ್ದಳು.

ಕಾರಿನ ಕಡೆಗೆ ನಡೆಯುವಾಗ ಹೆಡ್ವಿಗ್ ಚಿಕ್ಕಮ್ಮ ಮಾಲ್ಟೆಯ ಹೆಗಲ ಮೇಲೆ ಕೈಹಾಕಿದರು. ರೋಸ್ವಿತಾರ ತಂಗಿ. ಬ್ರೆಮೆನ್‌ನಿಂದ ಬೆಳಗಿನ ರೈಲಿಗೆ ಬಂದವರು. ಅತ್ತು ಮುಗಿಸಿದ್ದರು, ಈಗ ಮಾತು ಬೇಕಿತ್ತು.

"ಏನಯ್ಯ, ಮೂರನೇ ಕ್ಲಾಸು. ಲೆಕ್ಕ ಹೆಂಗೆ? ಎಂಟಕ್ಕೆ ಐದು ಸೇರ್ಸಿದ್ರೆ?"

"ಚಿಕ್ಕಮ್ಮ, ಇವತ್ತು ಬೇಡ," ಎಂದಳು ಆಂಕೆ.

"ಯಾಕೆ ಬೇಡ? ನಮ್ಮಕ್ಕನ ಮೊಮ್ಮಗ, ನಿದ್ದೇಲಿ ಎಬ್ಬಿಸಿ ಕೇಳಿದ್ರೂ ಹೇಳ್ಬೇಕು."

ಮಾಲ್ಟೆ ಕೈಗಳನ್ನು ಕೋಟಿನ ಜೇಬಿಗಿಳಿಸಿದ. ಬಟ್ಟೆಯೊಳಗೆ ಅವನ ಬೆರಳುಗಳು ಒಂದೊಂದಾಗಿ ಮಡಿಚಿಕೊಳ್ಳುವುದು ಆಂಕೆಗೆ ಕಾಣುತ್ತಿತ್ತು. ಎಂಟು, ಒಂಬತ್ತು, ಹತ್ತು, ಹನ್ನೊಂದು, ಹನ್ನೆರಡು. ಐದು ಬೆರಳು.

"ಹನ್ನೆರಡು," ಎಂದ.

ಹೆಡ್ವಿಗ್ ಆಂಕೆಯ ಮುಖ ನೋಡಿದರು. "ಚಳಿಗೆ ತಲೆ ಓಡಲ್ಲ ಬಿಡು," ಎಂದು ಅವನ ಟೋಪಿ ಸರಿಮಾಡಿದರು.

*

ನಾಲ್ಕು ವರ್ಷದ ಹಿಂದೆ, ಅಕ್ಟೋಬರಿನ ಒಂದು ಮಂಗಳವಾರ, ಮಾಲ್ಟೆಗೆ ಐದು ತುಂಬಿತ್ತಷ್ಟೆ. ಮಂಗಳವಾರ ಮಧ್ಯಾಹ್ನ ಅವನು ಅಜ್ಜಿಯ ಪಾಲು. ಅಡಿಗೆಮನೆಯ ಮೇಜಿನ ಮೇಲೆ ಆಟದ ಹಾಸು ಹರಡಿತ್ತು: ನಾಲ್ಕು ಬಣ್ಣದ ಮರದ ಕಾಯಿಗಳು, ಒಂದು ದಾಳ. ಕೆಲಸ ಮುಗಿಸಿ ಮಗನನ್ನು ಕರೆದೊಯ್ಯಲು ಬಂದ ಆಂಕೆ ಕೋಟು ಬಿಚ್ಚದೆ ಬಾಗಿಲಲ್ಲೇ ನಿಂತಿದ್ದಳು.

ದಾಳದಲ್ಲಿ ನಾಲ್ಕು ಬಿತ್ತು. ಮಾಲ್ಟೆ ತನ್ನ ಹಳದಿ ಕಾಯಿ ನಿಂತಿದ್ದ ಮನೆಯನ್ನೇ ಮುಟ್ಟಿ "ಒಂದು" ಎಂದ. ಅಲ್ಲಿಂದ ಎರಡು, ಮೂರು, ನಾಲ್ಕು. ಕಾಯಿ ಸರಿದದ್ದು ಮೂರೇ ಮನೆ.

"ತಪ್ಪು," ಎಂದು ರೋಸ್ವಿತಾ ಕಾಯಿಯನ್ನೆತ್ತಿ ಹಿಂದಕ್ಕಿಟ್ಟರು. "ನಿಂತಿರೋ ಮನೆ ಎಣಿಸ್ಬಾರ್ದು ಮಗಾ. ಹೊರಟ ಮೇಲೆ ತಾನೇ ಒಂದು?"

ಅವನು ಮತ್ತೆ ಹಾಗೆಯೇ ಎಣಿಸಿದ. ಅವರು ಮತ್ತೆ ಹಿಂದಕ್ಕಿಟ್ಟರು. ಐದನೆಯ ಸಲಕ್ಕೆ ಅವನು ದಾಳವನ್ನು ಒಲೆಯ ಕಡೆಗೆಸೆದು ಅಳತೊಡಗಿದ.

"ಒಂದು ಮನೆ ತಾನೇ ಅಮ್ಮ, ಬಿಟ್ಬಿಡು."

"ಒಂದು ಬಿಟ್ರೆ ಮುಂದಿನದೆಲ್ಲ ಒಂದೊಂದು ತಪ್ಪುತ್ತೆ ಆಂಕೆ. ಈಗ ಅತ್ರೆ ಅಳ್ಲಿ."

"ಅಳ್ಲಿ ಅಂದ್ರೆ? ಮಗುಗೆ ತನ್ನ ಮೇಲಿರೋ ನಂಬಿಕೆನೇ ಹೋಗುತ್ತೆ. ನಾನಿದನ್ನ ಮೂರು ವರ್ಷ ಓದಿದೀನಿ. ಮೂವತ್ತು ಮಕ್ಕಳ ಶಿಶುವಿಹಾರ ನಡೆಸ್ತೀನಿ."

"ನಾನು ಓದ್ಲಿಲ್ಲ. ನಿನ್ನನ್ನ ಬೆಳೆಸ್ದೆ."

"ಇದು ನಿನ್ನ ಟಿಕೆಟ್ ಕಿಟಕಿ ಅಲ್ಲಮ್ಮ, ಬಂದೋರನ್ನೆಲ್ಲ ಸಾಲಲ್ಲಿ ನಿಲ್ಸೋಕೆ!"

ರೋಸ್ವಿತಾ ಬಗ್ಗಿ ಒಲೆಯ ಕೆಳಗಿನಿಂದ ದಾಳವನ್ನೆತ್ತಿ, ಏಪ್ರನ್ನಿಗೆ ಒರೆಸಿ, ಡಬ್ಬಿಗೆ ಹಾಕಿದರು.

ಆಮೇಲೆ ಮಂಗಳವಾರಗಳು ನಿಂತವು. ಕ್ರಿಸ್‌ಮಸ್‌ಗೆ, ಹುಟ್ಟುಹಬ್ಬಕ್ಕೆ ಭೇಟಿಯಾಗುತ್ತಿದ್ದರು. ಎಲ್ಲರೂ ಚೆನ್ನಾಗಿಯೇ ಮಾತಾಡುತ್ತಿದ್ದರು. ಅಜ್ಜಿಯ ಉಡುಗೊರೆ ಮಾತ್ರ ಪ್ರತಿ ವರ್ಷ ಉಣ್ಣೆಯ ಕಾಲುಚೀಲವೇ ಆಗಿರುತ್ತಿತ್ತು. ಈ ವಸಂತದಲ್ಲಿ ಮಾಲ್ಟೆಯ ಟೀಚರ್ ಆಂಕೆಯನ್ನು ಕರೆಸಿ, ಹುಡುಗನಿಗೆ ಸಂಖ್ಯೆಗಳು ಕೂತಿಲ್ಲ, ಪ್ರತಿ ಉತ್ತರವೂ ಒಂದು ಕಡಿಮೆ ಬರುತ್ತದೆ ಎಂದರು. ಆಂಕೆ ಅದನ್ನು ತಾಯಿಗೆ ಹೇಳಲಿಲ್ಲ. ಸೆಪ್ಟೆಂಬರಿನಲ್ಲಿ ರೋಸ್ವಿತಾ ತಾವಾಗಿಯೇ ಫೋನು ಮಾಡಿದ್ದರು.

"ಮಂಗಳವಾರ ನಾನು ಮನೇಲೇ ಇರ್ತೀನಿ ಆಂಕೆ. ಹುಡುಗ ಬರೋ ಹಾಗಿದ್ರೆ."

"ನೋಡೋಣಮ್ಮ. ಅವನಿಗೆ ಟ್ಯೂಶನ್ ಬೇರೆ ಇದೆ. ಬಂದು ಹೋಗೋದ್ರಲ್ಲೇ ಹೊತ್ತು ಹೋಗುತ್ತೆ."

"ಸರಿ. ನಿನಗೆ ಅನುಕೂಲ ಆದಾಗ."

*

ಮಣ್ಣು ಮುಗಿಸಿ ಬಂದವರಿಗೆ ರೋಸ್ವಿತಾರ ಮನೆಯಲ್ಲೇ ಕಾಫಿ ಇತ್ತು. ಬೇಕರಿಯಿಂದ ಬಂದ ಎರಡು ತಟ್ಟೆ ಬೆಣ್ಣೆ ಕೇಕು ಮೇಜಿನ ಮೇಲಿತ್ತು; ಆ ಊರಲ್ಲಿ ಯಾರೇ ಸತ್ತರೂ ಅದೇ ಕೇಕು. ಹತ್ತು ಹನ್ನೆರಡು ಜನ. ಕೆಳಗಿನ ಮಹಡಿಯ ನುರ್ಗ್ಯುಲ್ ತನ್ನ ಐದು ವರ್ಷದ ಮಗಳು ಎಲಿಫ್‌ಳನ್ನು ಕರೆದುಕೊಂಡು ಬಂದಿದ್ದಳು. ರೋಸ್ವಿತಾ ಎಷ್ಟು ಶಿಸ್ತಿನವರು ಎಂದು ಯಾರೋ ಹೊಗಳುತ್ತಿದ್ದರು.

"ರೋಸ್ವಿತಾ ಅಜ್ಜಿ ಮೋಸ ಮಾಡ್ತಿದ್ರು," ಎಂದಳು ಎಲಿಫ್, ಬಾಯಿ ತುಂಬ ಕೇಕು.

ಎಲ್ಲರೂ ಅವಳ ಕಡೆ ತಿರುಗಿದರು.

"ಎಲಿಫ್!" ನುರ್ಗ್ಯುಲ್ ಮಗಳ ತೋಳು ಹಿಡಿದಳು.

"ಹೌದಮ್ಮಾ! ಪ್ರತಿ ಮಂಗಳವಾರ. ನಿಂತಿರೋ ಮನೆನೂ ಎಣಿಸ್ತಿದ್ರು. ನಾನೇ ಹಿಡೀತಿದ್ದೆ. ಮೇಲಿನ ಮನೆ ಯೂಸುಫ್ ಕೂಡ ಹಿಡೀತಿದ್ದ. ಎಷ್ಟ್ ಹಿಡಿದ್ರೂ ಬುದ್ಧಿ ಬರ್ಲಿಲ್ಲ ಅವ್ರಿಗೆ."

ಮೊದಲು ನಕ್ಕವರು ಹೆಡ್ವಿಗ್. "ನಮ್ಮಕ್ಕನಾ? ಟಿಕೆಟ್ ಉಳಿಸೋಕೆ ಎಂಟು ವರ್ಷದ ಮಗೂಗೆ ಐದು ಅಂತ ಸುಳ್ಳು ಹೇಳಿದ ತಾಯಂದಿರನ್ನ ಈಜುಕೊಳದ ಬಾಗಿಲಿಂದ್ಲೇ ಓಡ್ಸಿದೋಳು ಕಣೇ ಅವಳು!" ಎಲ್ಲರೂ ನಕ್ಕರು. ಆಂಕೆ ಖಾಲಿ ಕಪ್ಪುಗಳನ್ನು ಎತ್ತಿಕೊಂಡು ಅಡಿಗೆಮನೆಗೆ ಹೋದಳು.

ನುರ್ಗ್ಯುಲ್ ಹಿಂದೆಯೇ ಬಂದಳು. "ತಪ್ಪು ತಿಳ್ಕೋಬೇಡಿ ಆಂಕೆ ಅವ್ರೇ. ಮಗು ಅದು."

"ಮಂಗಳವಾರ ಇಲ್ಲಿಗೆ ಮಕ್ಕಳು ಬರ್ತಿದ್ರಾ?"

"ನಿಮ್ಗೆ ಗೊತ್ತಿಲ್ವಾ? ಈ ಕಟ್ಟಡದ ನಾಲ್ಕು ಮಕ್ಕಳು. ಮೂರು ವರ್ಷದಿಂದ. ಎಲಿಫ್ ಸೇರಿದ್ದು ಹೋದ ವರ್ಷ." ಅವಳು ಬಟ್ಟೆ ತೆಗೆದುಕೊಂಡು ಕಪ್ಪು ಒರೆಸತೊಡಗಿದಳು. "ಬೇಕಂತ್ಲೇ ತಪ್ಪು ಎಣಿಸ್ತಿದ್ರು. ಮೊದ್ಲು ನಂಗೂ ಗಾಬರಿ, ವಯಸ್ಸಾಯ್ತು, ಮರೆವು ಶುರುವಾಯ್ತೇನೋ ಅಂತ. ಕೇಳೇಬಿಟ್ಟೆ. ಮಕ್ಕಳ ತಪ್ಪನ್ನ ಎತ್ತಿ ತೋರಿಸಿದ್ರೆ ಅಳ್ತಾವೆ ನುರ್ಗ್ಯುಲ್, ಅದಕ್ಕೆ ತಪ್ಪನ್ನ ನಾವು ಮಾಡ್ಬೇಕು, ಅವು ಹಿಡೀಬೇಕು, ಅಂದ್ರು. ಇದನ್ನ ಯಾರು ಹೇಳ್ಕೊಟ್ರು ನಿಮ್ಗೆ ಅಂದೆ. ನನ್ನ ಮಗಳು ಒಂದ್ಸಲ ಬೈದಿದ್ಳು, ಕೂತ್ಕೊಂಡು ಯೋಚ್ನೆ ಮಾಡ್ದೆ, ಅವಳು ಹೇಳಿದ್ರಲ್ಲಿ ಅರ್ಧ ಸರಿ ಇತ್ತು, ಅಂದ್ರು."

"ಅರ್ಧಾನಾ?"

"ಅರ್ಧ ಅಂತ್ಲೇ ಅಂದ್ರು." ನುರ್ಗ್ಯುಲ್ ಸಣ್ಣಗೆ ನಕ್ಕಳು. "ಇದನ್ನೆಲ್ಲ ನಿಮ್ ಹತ್ರ ಯಾವಾಗ್ಲೋ ಹೇಳಿರ್ತಾರೆ ಅನ್ಕೊಂಡಿದ್ದೆ."

ಆಂಕೆ ತೊಳೆದಿದ್ದ ಕಪ್ಪನ್ನೇ ಮತ್ತೆ ತೊಳೆದಳು. ಅನುಕೂಲ ಆದಾಗ, ಎಂದಿದ್ದರು ಅಮ್ಮ. ಹೇಳಲಿಕ್ಕೇ ಕರೆದಿದ್ದರೇನೋ. ಇನ್ನು ಕೇಳುವುದು ಯಾರನ್ನು?

ನಡುಮನೆಯಲ್ಲಿ ಎಲಿಫ್ ಸೋಫಾದ ಕೆಳಗೆ ತೂರಿ ಆಟದ ಡಬ್ಬಿಯನ್ನು ಎಳೆದು ತಂದಿದ್ದಳು. ಅದು ಅಲ್ಲಿರುತ್ತದೆ ಎಂಬುದು ಆಂಕೆಗೆ ತಿಳಿದಿರಲಿಲ್ಲ. ಮಾಲ್ಟೆ ನೆಲದ ಮೇಲೆ ಅವಳೆದುರು ಕೂತಿದ್ದ.

"ನಂಗೆ ಈ ಆಟ ಬರಲ್ಲ," ಎಂದ.

"ಸುಲಭ. ಒಬ್ರು ತಪ್ಪು ಎಣಿಸ್ಬೇಕು, ಇನ್ನೊಬ್ರು ಹಿಡೀಬೇಕು. ಅದೇ ಆಟ." ಎಲಿಫ್ ದಾಳ ಉರುಳಿಸಿದಳು. ಐದು. ಕೆಂಪು ಕಾಯಿ ನಿಂತಿದ್ದ ಮನೆಯನ್ನೇ ಮುಟ್ಟಿ ಒಂದು ಎಂದು ಶುರುಮಾಡಿ, ಐದಕ್ಕೆ ನಿಲ್ಲಿಸಿ, ಓರೆಗಣ್ಣಿನಿಂದ ಅವನನ್ನು ನೋಡಿದಳು. "ಹಿಡಿ!"

"ಏನನ್ನ?"

"ಗೊತ್ತಾಗ್ಲಿಲ್ವಾ? ಇಷ್ಟು ದೊಡ್ಡೋನು!"

ಆಂಕೆಯ ಕಾಲು ಹೊಸ್ತಿಲು ದಾಟಲು ಮುಂದಾಯಿತು. ನುರ್ಗ್ಯುಲ್ ಅವಳ ಮೊಣಕೈ ಮುಟ್ಟಿದಳು. ಆಂಕೆ ನಿಂತಳು.

ಎಲಿಫ್ ಇನ್ನೊಂದು ಸಲ ಹಾಗೆಯೇ ಎಣಿಸಿ ತೋರಿಸಿದಳು. ಮೂರನೆಯ ಸಲ ತೀರ ನಿಧಾನವಾಗಿ. ಮಾಲ್ಟೆ ಹೊಟ್ಟೆಯ ಮೇಲೆ ಮಲಗಿ, ಮೂಗು ಆಟದ ಮನೆಗಳಿಗೆ ತಾಗುವಷ್ಟು ಬಗ್ಗಿ ನೋಡಿದ. ಅವಳ ಬೆರಳು "ಒಂದು" ಎನ್ನುತ್ತಿದ್ದಂತೆ ಅವನು ಅದನ್ನು ಹಿಡಿದುಬಿಟ್ಟ.

"ತಾಳು. ಇಲ್ಲಿ ನೀನು ಆಗ್ಲೇ ಇದ್ಯಲ್ಲ. ಇದು ಹೆಂಗೆ ಒಂದಾಗುತ್ತೆ?"

"ಹಿಡಿದ!" ಎಂದು ಎಲಿಫ್ ಕಿರುಚಿದಳು. "ಹಿಡಿದ! ಅಮ್ಮಾ, ಇವ್ನೂ ಹಿಡಿದ!"

ಆಂಕೆ ಅಡಿಗೆಮನೆಗೆ ಮರಳಿ ನಲ್ಲಿಯನ್ನು ಪೂರಾ ತಿರುಗಿಸಿದಳು. ತೊಳೆಯಲು ಏನೂ ಉಳಿದಿರಲಿಲ್ಲ. ಮಾಲ್ಟೆಗೆ ಮೂರು ಸಲ ಸಾಕಾಗಿತ್ತು. ನೀರಿನ ಸದ್ದಿನಲ್ಲಿ ತನ್ನ ಸದ್ದು ಹೊರಗೆ ಕೇಳಿಸದು ಎಂದು ಖಾತ್ರಿಯಾಗುವವರೆಗೆ ಅವಳು ತುಟಿ ಬಿಗಿಹಿಡಿದಿದ್ದಳು.

*

ನಾಲ್ಕೂಕಾಲಿಗೆ ಆಂಕೆಯ ಗಂಡ ಯೆನ್ಸ್, ಹೆಡ್ವಿಗ್ ಚಿಕ್ಕಮ್ಮನನ್ನು ಕಾರಿನಲ್ಲಿ ಸ್ಟೇಶನ್ನಿಗೆ ಕರೆದೊಯ್ದ. ಹತ್ತು ನಿಮಿಷ ಕಾದರೆ ತಾನೇ ಬರುತ್ತೇನೆ ಎಂದಿದ್ದ. ನಡೆದೇ ಹೋಗುತ್ತೇವೆ ಎಂದಳು ಆಂಕೆ. ತಾಯಿಯ ಮನೆಗೆ ಬೀಗ ಹಾಕಿದಳು. ಹೊರಗೆ ಬೀದಿದೀಪಗಳು ಆಗಲೇ ಹತ್ತಿದ್ದವು.

"ಅಮ್ಮ, ಮನೆವರೆಗೂ ಎಷ್ಟು ಹೆಜ್ಜೆ ಆಗುತ್ತೆ?"

"ಗೊತ್ತಿಲ್ಲ ಮಗಾ. ನಾನ್ಯಾವತ್ತೂ ನಡೆದಿಲ್ಲ."

"ಎಣಿಸ್ಲಾ? ಈಗ ಇಲ್ಲಿ ನಿಂತಿರೋದು ಲೆಕ್ಕಕ್ಕಿಲ್ಲ, ಅಲ್ವಾ?"

"ಇಲ್ಲ. ಹೊರಟ ಮೇಲೆ," ಎಂದಳು.

ಮಾಲ್ಟೆ ಎರಡೂ ಕಾಲು ಜೋಡಿಸಿ ಬಾಗಿಲ ಮುಂದೆ ಒಂದು ಕ್ಷಣ ಸುಮ್ಮನೆ ನಿಂತ. ಆಮೇಲೆ ಬಲಗಾಲು ಮುಂದಿಟ್ಟು, "ಒಂದು," ಎಂದ.

ಒಂದೊಂದು ನೂರು ತುಂಬಿದಾಗಲೂ ತಾಯಿಯ ಕೈಯ ಒಂದು ಬೆರಳನ್ನು ಮಡಿಸುತ್ತ ಹೋದ. ಬೇಕರಿ ದಾಟುವಾಗ ಒಂದು ಕೈ ಮುಗಿದಿತ್ತು. ಅಂಚೆ ಕಚೇರಿಯ ತಿರುವಿನ ನಂತರ ಇನ್ನೊಂದು ಕೈಯೂ ಮುಗಿದು, ಮೊದಲಿನದನ್ನು ಬಿಡಿಸಿ ಹೆಬ್ಬೆರಳಿನಿಂದ ಮತ್ತೆ ಶುರುಮಾಡಿದ. ಆಂಕೆ ಬೆರಳುಗಳನ್ನು ಅವನಿಟ್ಟ ಹಾಗೆಯೇ ಹಿಡಿದುಕೊಂಡು ಪಕ್ಕದಲ್ಲಿ ನಡೆದಳು. ಮೂರು ಬೆರಳು ಮಡಿಚಿದ್ದಾಗ ತಮ್ಮ ಮನೆಯ ದೀಪ ಕಂಡಿತು. ಅವಳು ಕೀಲಿಗಾಗಿ ಕೈ ಬಿಡಿಸಿಕೊಳ್ಳಲಿಲ್ಲ. ಅವನು ಮುಗಿಸುವವರೆಗೆ ಕಾದಳು.

ಒಂದು ಸಾವಿರದ ಮುನ್ನೂರ ನಲವತ್ತೇಳು ಹೆಜ್ಜೆ.