ಬಲಗಡೆಯ ಮುಳ್ಳು

ಹಳದಿ ಬೆಳಕು ಮೊದಲು, ಆಮೇಲೆ ವಾಸನೆ, ಧೂಳು ಬೆಚ್ಚಗಾಗುವ ಆ ವಾಸನೆ, ಇಸ್ತ್ರಿಪೆಟ್ಟಿಗೆ ಕಾಯುವಾಗಿನದಕ್ಕೆ ಹತ್ತಿರ ಆದರೆ ಅದಲ್ಲ, ಈಗ ಟಕ್ ಅನ್ನಬೇಕು, ಒಂದು, ಎರಡು, ಮೂರು, ನಾಲ್ಕು — ಟಕ್, ಒಳಗೆಲ್ಲೋ ಚಿಲಕ ಬಿದ್ದ ಸದ್ದು, ಎರಡು ಗಾಜಿನ ಕಿಟಕಿಗಳ ಹಿಂದೆ ಎರಡು ಮುಳ್ಳುಗಳು ಒಮ್ಮೆ ಬೆಚ್ಚಿ ಎದ್ದು ಮತ್ತೆ ಸೊನ್ನೆಗೆ ಬಂದು ಮಲಗಿದವು, ಮೊದಲು ಎಡದ್ದು, ಒಂದು ಕೂದಲೆಳೆ ತಡವಾಗಿ ಬಲದ್ದು, ಬಲದ್ದು ಸ್ವಲ್ಪ ಸೋಮಾರಿ ಕಣಮ್ಮ, ಸೋದರಮಾವ ಹೇಳುತ್ತಿದ್ದರು, ಕೆಲಸಗಳ್ಳ ಅಲ್ಲ, ಬರೀ ಸೋಮಾರಿ, ಬರುತ್ತೆ, ಬಂದೇ ಬರುತ್ತೆ. ಅವರು ಹೋಗಿ ಹನ್ನೊಂದು ವರ್ಷವಾಯಿತು, ಸೋಮಾರಿ ಇನ್ನೂ ಬರುತ್ತಲೇ ಇದೆ. ಕಪ್ಪಗೆ, ಅಗಲಕ್ಕೆ, ಬೀರುವಿನ ಪಕ್ಕದ ಗಟ್ಟಿಮರದ ಪೀಠದ ಮೇಲೆ ಕಾಲು ಮಡಚಿ ಕೂತಿರುವ ಈ ಆಂಪ್ಲಿಫೈಯರಿಗೆ ಗಂಡ ಇಟ್ಟ ಹೆಸರು ಎಮ್ಮೆ, ನಿಮ್ಮ ಮಾವನ ಎಮ್ಮೆ — ಮೂರು ಸಲ ಮನೆ ಬದಲಿಸಿದಾಗಲೂ ಅದರ ಒಂದು ತುದಿ ಹಿಡಿದವರು ಅವರೇ, ಆಮೇಲೆ ವಾರಗಟ್ಟಲೆ ಸೊಂಟ ಹಿಡಿದುಕೊಂಡವರೂ ಅವರೇ, ಹಾಲೂ ಕೊಡಲ್ಲ, ಸಗಣೀನೂ ಹಾಕಲ್ಲ, ಯಾವ ಸುಖಕ್ಕೆ ಇದನ್ನ ಸಾಕ್ತೀಯೇ. ಈಗ ತರಕಾರಿ ತರಲು ಹೋಗಿದ್ದಾರೆ. ಭಾನುವಾರದ ಬೆಳಗು, ರಿಪೇರಿಯವರು ಎದ್ದು ಹೋಗಿ ಅರ್ಧ ಗಂಟೆ, ಅವರು ಕುಡಿದಿಟ್ಟ ಕಾಫಿ ಲೋಟ ಮೇಜಿನ ಮೇಲೆ ಹಾಗೇ ಇದೆ, ಅವರ ಮಾತೂ ಹಾಗೇ ಇದೆ — ಇದಕ್ಕೇನೂ ಆಗಿಲ್ಲಮ್ಮ, ನೀವೊಂದು ಕೆಲಸ ಮಾಡಿ, ಯಾರೂ ಇಲ್ಲದಾಗ ಕುರ್ಚಿ ತಿರುಗಿಸಿ ಹಾಕ್ಕೊಂಡು, ಸ್ಪೀಕರಿಗೆ ಬೆನ್ನು ಕೊಟ್ಟು ಒಂದ್ಸಲ ಕೇಳಿ. ಬೆನ್ನು ಕೊಟ್ಟು ಕೇಳುವುದಂತೆ. ಮಾತಾಡುವವರಿಗೆ ಬೆನ್ನು ತೋರಿಸಬಾರದು ಎಂದು ಕಲಿತವಳು ಅವಳು. ಕುರ್ಚಿ ಇದ್ದಲ್ಲೇ ಇದೆ.

ಸೂಜಿ ಇಳಿಸಿದಳು. ಎರಡು ಪಿಟೀಲುಗಳ ರೆಕಾರ್ಡು, ಮಾವನ ಕಾಲದ್ದು, ಅಂಚಿನಲ್ಲಿ ಅವರ ಹೆಬ್ಬೆಟ್ಟಿನ ಗುರುತು ಇನ್ನೂ ಇರಬೇಕು, ಎಡದ ಪಿಟೀಲು ಕೇಳುತ್ತದೆ, ಬಲದ್ದು ಉತ್ತರ ಹೇಳುತ್ತದೆ, ಅಕ್ಕತಂಗಿಯರು ಅಡುಗೆಮನೆಯಲ್ಲಿ ಮಾತಾಡಿಕೊಂಡ ಹಾಗೆ, ಒಬ್ಬಳು ಮುಗಿಸುವ ಮೊದಲೇ ಇನ್ನೊಬ್ಬಳದು ಶುರು. ಈಗ ಎಡದ್ದು ಕೇಳಿತು, ಎಷ್ಟು ಚೂಪಾಗಿ ಕೇಳಿತು, ತಂತಿಗೆ ಕಮಾನು ತಾಗುವ ಗೀರು ಕೂಡ ಬಂತು, ಆಮೇಲೆ — ಆಮೇಲೆ ಅದೇ, ಒಂದು ತಿಂಗಳಿನಿಂದ ಅದೇ, ಬಲಗಡೆಯಿಂದ ಬರುವ ಉತ್ತರ ಕಂಬಳಿ ಹೊದ್ದು ಮಲಗಿದೆ, ಮಾತಿದೆ, ಮಾತಿನ ತುದಿ ಇಲ್ಲ. ಥೂ, ನಿನಗೇನು ಬಂತೇ ರೋಗ, ಎಂದು ಬೈದಿದ್ದಳು ಮೊದಲ ವಾರ. ಎರಡನೇ ವಾರ ಬಟ್ಟೆ ತಗೊಂಡು ಹಿಂದಿನ ತಿರುಪುಗಳನ್ನೆಲ್ಲ ಒರೆಸಿದಳು. ಮೂರನೇ ವಾರ, ಹೇಳಲೂ ನಾಚಿಕೆ, ಅದರ ನೆತ್ತಿಯ ಮೇಲೆ ಒಂದು ಗುದ್ದು ಕೊಟ್ಟಳು, ಗುದ್ದಿದ ಕೈಯೇ ನೊಂದಿತು, ಎಮ್ಮೆ ಮಿಸುಕಲಿಲ್ಲ. ನಾಲ್ಕು ದಶಕ ದುಡಿದದ್ದಕ್ಕೆ ಸಿಕ್ಕ ಮರ್ಯಾದೆ ಅದು. ಗುಂಡಿ ಇಲ್ಲ, ತಿರುಗಣೆ ಇಲ್ಲ, ದನಿ ಏರಿಸಿ ಇಳಿಸುವುದೆಲ್ಲ ಪಕ್ಕದ ಚಿಕ್ಕ ಪೆಟ್ಟಿಗೆಯ ಉಸಾಬರಿ, ಇದರ ಮುಖದ ಮೇಲೆ ಇರುವುದು ಒಂದು ಸ್ವಿಚ್ಚು, ಎಡ ಬಲದ ದನಿಗೆ ಎದ್ದು ಬೀಳುವ ಎರಡು ಮುಳ್ಳು, ಅಷ್ಟೇ. ಇದಕ್ಕೆ ತನ್ನದು ಅನ್ನೋದು ಏನೂ ಇಲ್ಲಮ್ಮ, ಮಾವ ಅದರ ಬೆನ್ನು ಸವರುತ್ತ, ಕೊಟ್ಟದ್ದನ್ನ ದೊಡ್ಡದು ಮಾಡಿ ಕೊಡುತ್ತೆ, ಏನೂ ಸೇರಿಸಲ್ಲ, ಏನೂ ಕದಿಯಲ್ಲ, ಇಂಥ ಗಂಡು ಎಲ್ಲಾದ್ರೂ ಸಿಕ್ಕಿದ್ರೆ ಹೇಳು, ನಾಳೇನೇ ಮದುವೆ ಮಾಡಿಬಿಡ್ತೀನಿ. ಸಿಕ್ಕ ಗಂಡು ಸೇರಿಸುವುದರಲ್ಲಿ ಎತ್ತಿದ ಕೈ, ಒಂದು ಮಾತಿಗೆ ನಾಲ್ಕು ಸೇರಿಸಿ ನೆರೆಮನೆಗೆ ಮುಟ್ಟಿಸುತ್ತಾರೆ, ಆದರೂ ಒಳ್ಳೆಯವರು, ಎಮ್ಮೆಯ ತುದಿ ಹಿಡಿದವರು.

ಮಾವ ಸಿನಿಮಾ ಟಾಕೀಸಿನಲ್ಲಿ ಸೌಂಡಿನ ಕೆಲಸದವರು. ಊರಿನ ಒಂದು ರೆಕಾರ್ಡಿಂಗ್ ಸ್ಟುಡಿಯೋ ಬಾಗಿಲು ಹಾಕಿದಾಗ ಇದನ್ನು ತಳ್ಳುಗಾಡಿಯಲ್ಲಿ ಮಲಗಿಸಿ, ಮೇಲೆ ತಮ್ಮ ಅಂಗಿ ಹೊದಿಸಿ, ತಾವು ಬನಿಯನ್ನಿನಲ್ಲೇ ನಡೆದು ಬಂದರು, ಅವಳಾಗ ಒಂಬತ್ತನೇ ಕ್ಲಾಸು, ಗೆಳತಿಯರ ಮುಂದೆ ಮಾನ ಹೋಯಿತೆಂದು ಅತ್ತಿದ್ದಳು. ಅದೇ ಸಂಜೆ ಈ ಕುರ್ಚಿಯಲ್ಲೇ ಕೂರಿಸಿದರು, ಎರಡು ಸ್ಪೀಕರಿಗೂ ಕುರ್ಚಿಗೂ ದಾರ ಹಿಡಿದು ಅಳೆದು, ಮೂರು ಮೂಲೆ ಸಮ ಇರಬೇಕು, ಕಣ್ಣು ಮುಚ್ಚು, ಮುಳ್ಳು ನೋಡಬೇಡ, ಕಿವಿಗೆ ತಿಳಿದದ್ದನ್ನ ಮುಳ್ಳು ಆಮೇಲೆ ಒಪ್ಪಿಕೊಳ್ಳುತ್ತೆ, ಅಷ್ಟೇ. ಕಣ್ಣು ಮುಚ್ಚಿದಳು, ಕೋಣೆಯ ಗೋಡೆ ದೂರ ಹೋಯಿತು, ಎದುರಿಗೆ ಇಬ್ಬರು ಕೂತಿದ್ದರು, ಒಬ್ಬರು ಕಮಾನು ಎತ್ತುವ ಮುಂಚೆ ಉಸಿರು ಎಳೆದುಕೊಂಡರು, ಆ ಉಸಿರು ಕೇಳಿಸಿತು — ಮಾವ, ಯಾರೋ ಉಸಿರಾಡಿದ್ರು! ಕೇಳಿಸ್ತಾ, ಅವರಿಗೆ ಕಣ್ಣಲ್ಲಿ ನೀರು, ಕೇಳಿಸ್ತಾ ನಿಂಗೆ, ನಮ್ಮ ವಂಶದಲ್ಲಿ ಕಿವಿ ಇರೋಳು ಒಬ್ಬಳು ಹುಟ್ಟಿದ್ಲು. ಆ ಒಂದು ಮಾತಿನ ಮೇಲೆ ಅವಳ ಬದುಕು ನಿಂತಿದೆ ಎಂದರೆ ಸುಳ್ಳಲ್ಲ. ಆ ಉಸಿರು ಬಲಗಡೆಯಿಂದ ಬರುತ್ತಿತ್ತು. ಈಗ ಬರಬೇಕು, ಈ ಜಾಗದಲ್ಲೇ, ಎಡದ್ದು ನಿಂತ ಕೂಡಲೇ — ಬರಲಿಲ್ಲ.

ಕಿವಿಯಕ್ಕ. ಫ್ಯಾನಿನ ಕಾರ್ಖಾನೆಯಲ್ಲಿ ಅವಳ ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತು. ಸಾಲಿನ ಕೊನೆಯ ಬೆಂಚು, ಇಪ್ಪತ್ತಾರು ವರ್ಷ, ಮೋಟಾರು ತಿರುಗುತ್ತಾ ಬರುತ್ತದೆ, ಎಡಗಿವಿಗೆ ಹತ್ತಿ, ಆ ಕಡೆ ತಗಡು ಬಡಿಯುವ ಯಂತ್ರದ ಗಲಾಟೆ, ಬಲಗಿವಿಗೆ ರಬ್ಬರಿನ ಕೊಳವೆ, ಅದರ ಇನ್ನೊಂದು ತುದಿ ಮೋಟಾರಿನ ಎದೆಗೆ, ಗುಂಯ್ ಎನ್ನುವುದು ಸರಿ, ಗುಂಯ್ಯಿನ ಒಳಗೆ ಸಣ್ಣಗೆ ಚಿರ್ ಎಂದರೆ ಬೇರಿಂಗ್ ಕೆಟ್ಟಿದೆ, ಸೀಮೆಸುಣ್ಣದಲ್ಲಿ ಅಡ್ಡಗೆರೆ, ಫೇಲು, ವಾಪಸ್ಸು. ನೂರಕ್ಕೆ ಮೂರೋ ನಾಲ್ಕೋ. ಹೊಸ ಯಂತ್ರ ತಂದಿಟ್ಟು ನೋಡಿದರು, ಯಂತ್ರ ಪಾಸು ಮಾಡಿದ್ದನ್ನು ಅವಳು ಹಿಡಿದಳು, ಯಂತ್ರಕ್ಕೆ ಈಗ ಮೂಲೆಯಲ್ಲಿ ಬಟ್ಟೆ ಹೊದಿಸಿದ್ದಾರೆ. ಮತ್ತೆ ಈ ತಿಂಗಳು, ಎಂಥ ತಿಂಗಳು, ಗೋಡೆಯ ಬೋರ್ಡಿನ ಮೇಲೆ ಸೂಪರ್ವೈಸರ್ ದೊಡ್ಡದಾಗಿ ಸೊನ್ನೆ ಬರೆದು, ಸುತ್ತ ಬಣ್ಣದ ಸೀಮೆಸುಣ್ಣದಲ್ಲಿ ಹೂವು ಬಿಡಿಸಿ, ಕಿವಿಯಕ್ಕ, ತಿಂಗಳಿಗೆ ಒಂದೂ ಫೇಲ್ ಇಲ್ಲ, ಬೇರಿಂಗ್ ಕೊಡೋರು ಕೊನೆಗೂ ಬುದ್ಧಿ ಕಲಿತ್ರು ನೋಡಿ! ಎಲ್ಲರೂ ಚಪ್ಪಾಳೆ ತಟ್ಟಿದರು, ಅವಳೂ ತಟ್ಟಿದಳು. ಪ್ಯಾಕಿಂಗಿನ ಉದ್ದಜಡೆ ಮಾತ್ರ ಒಂದು ಮೋಟಾರು ಎತ್ತಿಕೊಂಡು ವಾಪಸ್ಸು ಬಂದಳು, ಅಕ್ಕಾ, ಕೈಗೆ ಒಂಥರಾ ಜುಮ್ ಅಂತಿದೆ, ಇನ್ನೊಂದ್ಸಲ ಕೇಳ್ತೀರಾ, ಕೇಳಿದಳು, ಗುಂಯ್, ಚೊಕ್ಕವಾಗಿತ್ತು, ಹೋಗೇ, ನಿನ್ನ ಕೈಗಿಂತ ನನ್ನ ಕಿವಿ ಹಳೇದು. ಉದ್ದಜಡೆ ನಕ್ಕು ಹೋದಳು. ನಗು ಪೂರ್ತಿ ಇರಲಿಲ್ಲ, ಈಗ ನೆನಪಾಗುತ್ತಿದೆ, ಅರ್ಧಕ್ಕೆ ನಿಲ್ಲಿಸಿದ್ದಳು. ಯಾಕೆ ನೆನಪಾಗಬೇಕು ಅದು ಈಗ, ಇಲ್ಲಿ ಕೆಟ್ಟಿರುವುದು ಎಮ್ಮೆ.

ಎಮ್ಮೆ ಕೆಟ್ಟಿಲ್ಲ ಎಂದರಲ್ಲ ರಿಪೇರಿಯವರು. ಎಪ್ಪತ್ತು ದಾಟಿದ ಮನುಷ್ಯ, ಬೆಸುಗೆಯ ಕಲೆ ಹತ್ತಿದ ಬೆರಳು, ಮುಚ್ಚಳ ತೆಗೆದವರು ಐದು ನಿಮಿಷ ಸುಮ್ಮನೆ ನೋಡುತ್ತಾ ಕೂತರು, ನೋಡಿ ತಾಯಿ, ಒಂದೊಂದು ವೈರೂ ಹೇಗೆ ಬಾಗಿದೆ, ಎಲ್ಲೂ ಅಡ್ಡಾದಿಡ್ಡಿ ಇಲ್ಲ, ಕಟ್ಟಿದವರು ಇದನ್ನ ಯಾರೂ ತೆಗೆದು ನೋಡಲ್ಲ ಅಂತ ಗೊತ್ತಿದ್ದೂ ಹೀಗೆ ಕಟ್ಟಿದಾರೆ. ಅವಳಿಗೆ ತನ್ನ ಮಗುವನ್ನು ಹೊಗಳಿದಷ್ಟು ಹಿಗ್ಗು. ಆಮೇಲೆ ಹಿಂದೆ ಹೋಗಿ ಎಡದ ವೈರು ಬಲಕ್ಕೆ, ಬಲದ್ದು ಎಡಕ್ಕೆ, ಈಗ ಕೇಳಿ — ಉತ್ತರದ ಪಿಟೀಲು ಎಡಗಡೆಯಿಂದ ಬಂತು, ಗೀರು ಸಮೇತ, ಹೊಳೆಯುತ್ತಾ, ಪ್ರಶ್ನೆಯ ಪಿಟೀಲು ಬಲಕ್ಕೆ ಹೋಗಿ ಕಂಬಳಿ ಹೊದ್ದಿತು. ಹಂಗಾದ್ರೆ ಸ್ಪೀಕರೇ ಕೆಟ್ಟಿದೆ, ಅವಳು ಗೆದ್ದವಳ ಹಾಗೆ ಹೇಳಿದಳು. ಅವರು ಬಲಗಡೆಯ ಸ್ಪೀಕರಿಗೆ ಕಿವಿಯಾನಿಸಿ ಬಹಳ ಹೊತ್ತು ಕೂತರು. ಗಂಟೆ ಹೊಡೆದ ಹಾಗೆ ಸ್ಪಷ್ಟವಾಗಿದೆಯಲ್ಲ ತಾಯಿ. ವೈರುಗಳನ್ನು ಮೊದಲಿನಂತೆ ಹಾಕಿದರು, ಮುಚ್ಚಳ ಮುಚ್ಚಿದರು, ಕಾಫಿ ಕುಡಿದರು, ಅವಳ ಮುಖ ನೋಡಿದರು, ಬಾಯಿ ತೆರೆದರು, ಮುಚ್ಚಿದರು, ಆಮೇಲೆ ಕುರ್ಚಿಯ ಮಾತು. ಹೊರಡುವಾಗ ಬಾಗಿಲಲ್ಲಿ ಇನ್ನೇನೋ ಅಂದರು, ಬಲಗಡೆಯಿಂದ, ಏನಂದ್ರಿ ಎಂದು ಕತ್ತು ತಿರುಗಿಸಬೇಕಾಯಿತು. ಈಚೆಗೆ ಮಹಾರಾಣಿಯವರಿಗೆ ನನ್ನ ಮಾತೇ ಕೇಳಿಸಲ್ಲ, ಗಂಡ ಮೊನ್ನೆ, ಕೇಳಿಸಿಕೊಳ್ಳೋ ಹಂಗೆ ಏನಾದ್ರೂ ಹೇಳಿ ಮೊದಲು, ಅವಳು, ಇಬ್ಬರೂ ನಕ್ಕಿದ್ದರು, ಊಟದ ಮೇಜಿನಲ್ಲಿ ಅವರು ಕೂರುವುದು ಅವಳ ಬಲಕ್ಕೆ.

ಎದ್ದಳು. ಕುರ್ಚಿಯ ಕಾಲು ನೆಲಕ್ಕೆ ಉಜ್ಜಿ ಕಿರ್ ಎಂದಿತು, ಎಷ್ಟು ಸ್ಪಷ್ಟ, ಕೇಳಿಸುತ್ತಿದೆಯಲ್ಲ, ಎಲ್ಲ ಕೇಳಿಸುತ್ತಿದೆಯಲ್ಲ, ಸೂಜಿಯನ್ನು ಮತ್ತೆ ಮೊದಲಿಗೆ ಇಟ್ಟು ಬಂದು ಕೂತಳು, ಎದುರಿಗೆ ಬೀದಿಯ ಕಿಟಕಿ, ಆಚೆಮನೆಯ ತಂತಿಯ ಮೇಲೆ ಒಣಗುವ ಎರಡು ದಿಂಬಿನ ಚೀಲ, ಬೆನ್ನ ಹಿಂದೆ ಪಿಟೀಲು ಶುರುವಾಯಿತು — ಪ್ರಶ್ನೆ ಕಂಬಳಿ ಹೊದ್ದಿತ್ತು. ನಲವತ್ತು ವರ್ಷ ಚೂಪಾಗಿದ್ದ ಪ್ರಶ್ನೆ, ಈಗಷ್ಟೇ ಚೂಪಾಗಿದ್ದ ಪ್ರಶ್ನೆ, ಅವಳ ಬಲಕ್ಕೆ ಬಂದದ್ದೇ ತಡ ತುದಿ ಕಳಕೊಂಡಿತು. ಆಮೇಲೆ ಎಡಗಡೆಯಿಂದ, ಎಲ್ಲ ಬೆಳಕು ಹೊತ್ತುಕೊಂಡು, ಉಸಿರು, ಆ ಉಸಿರು, ಯಾರೋ ಉಸಿರಾಡಿದ್ರು ಮಾವ, ಉತ್ತರ ಬಂತು. ಕಂಬಳಿ ಪೆಟ್ಟಿಗೆಯದಲ್ಲ. ಸ್ಪೀಕರಿನದಲ್ಲ. ಅವಳು ಎಲ್ಲಿ ಕೂತರೆ ಅಲ್ಲಿಗೆ, ಯಾವ ಕಡೆ ತಿರುಗಿದರೆ ಆ ಕಡೆಗೆ, ಅವಳ ಜೊತೆಗೇ ಬರುತ್ತಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ — ಎಷ್ಟು ಸಲ ಕೇಳಿದ ಗಾದೆ, ಎಷ್ಟು ಜನರಿಗೆ ಹೇಳಿದ ಗಾದೆ, ನಗು ಬಂತು, ಗುದ್ದಿದ್ದಳಲ್ಲ, ಆ ಬಡ ಎಮ್ಮೆಯ ನೆತ್ತಿಗೆ. ಭಯವಾಯಿತು, ಕಿವಿ ಇರೋಳು ಒಬ್ಬಳು ಹುಟ್ಟಿದ್ಲು, ಮತ್ತೆ ಆ ಸೊನ್ನೆ, ಹೂವು ಬಿಡಿಸಿದ ಸೊನ್ನೆ, ತಿಂಗಳ ಮೋಟಾರುಗಳೆಲ್ಲ ಡಬ್ಬಿ ಸೇರಿ ಯಾರು ಯಾರದೋ ಮನೆಯ ಸೂರಿನಲ್ಲಿ ಚಿರ್ ಎನ್ನುತ್ತಿವೆ, ಯಾರೋ ಮಲಗಲಾರದೆ ಹೊರಳುತ್ತಿದ್ದಾರೆ, ಚಪ್ಪಾಳೆ, ಉದ್ದಜಡೆಯ ಅರ್ಧ ನಗು. ಬೇರಿಂಗಿನವರು ಬುದ್ಧಿ ಕಲಿತಿರಲಿಲ್ಲ.

ಕುರ್ಚಿಯನ್ನು ಮತ್ತೆ ತಿರುಗಿಸಿ ಎಮ್ಮೆಗೆ ಎದುರಾಗಿ ಕೂತಳು. ಹಳದಿ ಕಿಟಕಿಗಳು ಬೈಸಿಕೊಂಡದ್ದೇ ಗೊತ್ತಿಲ್ಲದ ಹಾಗಿವೆ. ಏನೂ ಸೇರಿಸಲ್ಲ, ಏನೂ ಕದಿಯಲ್ಲ, ಗುದ್ದಿದರೂ ಇದ್ದದ್ದನ್ನೇ ಹೇಳುತ್ತದೆ, ಗಂಡ ನಗೆಯಲ್ಲಿ ತೇಲಿಸಿದರು, ರಿಪೇರಿಯವರು ಬಾಯಿ ಮುಚ್ಚಿಕೊಂಡರು, ಇದು ಮಾತ್ರ ಒಂದು ತಿಂಗಳಿನಿಂದ ಅದನ್ನೇ ಹೇಳುತ್ತಿತ್ತು, ಅವಳಿಗೆ ಅದರ ಮೇಲೆ ಪ್ರೀತಿ ಉಕ್ಕಿ ಬಂತು, ಎದ್ದು ಅಪ್ಪಿಕೊಳ್ಳಬೇಕು ಎನ್ನುವಷ್ಟು. ಮಾವ, ಕೊನೆಯ ಎರಡು ವರ್ಷ ಮಾವ ಕಣ್ಣು ಮುಚ್ಚುತ್ತಿರಲಿಲ್ಲ. ಕುರ್ಚಿಯ ಅಂಚಿಗೆ ಬಂದು, ಮುಂದಕ್ಕೆ ಬಾಗಿ, ಈ ಮುಳ್ಳುಗಳನ್ನೇ ನೋಡುತ್ತಾ ಕೂರುತ್ತಿದ್ದರು, ಇದೇನು ಮಾವ, ನೋಡಬೇಡ ಅಂದೋರು ನೀವೇ ಅಲ್ವಾ, ಅವಳು ರೇಗಿಸಿದರೆ ಮುಳ್ಳಿನಿಂದ ಕಣ್ಣು ತೆಗೆಯದೆ ನಕ್ಕು, ಈಗ ನೋಡೋ ವಯಸ್ಸಮ್ಮ. ವಯಸ್ಸಾದವರಿಗೆ ಬೆಳಕು ಚೆಂದ ಕಾಣುತ್ತದೆ ಎಂದುಕೊಂಡಿದ್ದಳು. ಅಯ್ಯೋ ಮಾವ, ನಿಮಗೂ ಹೀಗೇ ಅಂತ ಹೇಳಬಾರದಿತ್ತಾ, ಒಬ್ಬರೇ ನುಂಗಿಕೊಂಡು ಕೂತಿರಲ್ಲ, ಟಾಕೀಸಿನವರಿಗಾದರೂ ಹೇಳಿದ್ದಿರಾ, ನಾನು ಹೇಳುತ್ತೇನೆ, ನಾಳೆ ಬೆಳಿಗ್ಗೆ ಸೈರನ್ನಿಗೆ ಮುಂಚೆ ಹೋಗಿ ಹೇಳುತ್ತೇನೆ, ಡಬ್ಬಿಗಳನ್ನೆಲ್ಲ ವಾಪಸ್ ತರಿಸಿ ಎನ್ನುತ್ತೇನೆ, ಬೆಂಚು ಹೋದರೆ ಹೋಗಲಿ, ಹೋಗಲಿ ಎನ್ನುವುದು ಸುಲಭವಲ್ಲ, ಆದರೂ ಆ ಸೊನ್ನೆ ಒರೆಸುವುದು ನನ್ನ ಕೈಯೇ, ಇದು ಹಾಗೇ ಅಲ್ಲವೇ ಮಾಡುವುದು, ಇದ್ದದ್ದನ್ನು ಇದ್ದ ಹಾಗೆ. ಬೀದಿಯ ಗೇಟು ಸದ್ದಾಯಿತು, ಗಂಡ ಇರಬೇಕು, ಎಡಗಿವಿ ಹೇಳಿತು. ಒಂದೇ ಒಂದು ಸಲ, ಅವರು ಒಳಗೆ ಬರುವ ಮೊದಲು, ಎಡಗಿವಿಯ ಮೇಲೆ ಅಂಗೈ ಒತ್ತಿದಳು. ಗೇಟು ಹೋಯಿತು, ಬೀದಿ ಹೋಯಿತು, ಎರಡೂ ಪಿಟೀಲು ಗೋಡೆಯಾಚೆಗೆ ಹೋದವು, ಉಸಿರು ಇಲ್ಲ, ಗೀರು ಇಲ್ಲ, ಎಲ್ಲೋ ದೂರದಲ್ಲಿ ಒಂದು ಗುಂಯ್, ಚೊಕ್ಕವಾದ ಗುಂಯ್, ಮುಳ್ಳು ನೋಡಬೇಡ, ಇಲ್ಲ ಮಾವ, ನೋಡುತ್ತೇನೆ, ಎಡದ್ದು ಎದ್ದು ಏನೋ ಕೇಳಿ ಬಿತ್ತು, ಬಲದ್ದು ಸೊನ್ನೆಯ ಮೇಲಿದೆ, ಇನ್ನೂ ಸೊನ್ನೆಯ ಮೇಲೇ ಇದೆ, ಬರುತ್ತೆ, ಸೋಮಾರಿ, ಬಂದೇ ಬರುತ್ತೆ — ಬಲಗಡೆಯ ಮುಳ್ಳು, ಒಂದು ಕೂದಲೆಳೆ ತಡವಾಗಿ, ಸೊನ್ನೆ ಬಿಟ್ಟು ಎದ್ದಿತು.